ರಾಣಿ ಪ್ರೀತಿಗೆ ಬಿದ್ದು ರಾಜ್ಯ ಕಳೆದುಕೊಂಡಳೇ?

ಪ್ರಶ್ನೆ: ನನ್ನ ತವರು ಹೊನ್ನಾವರ ತಾಲೂಕು. ಈಗ ಕುಮಟಾದಲ್ಲಿ ಹೈಸ್ಕೂಲ್ ಟೀಚರ್. ನಾವು ಏಳೆಂಟು ಹೆಂಗಸರು ತಿಂಗಳಿಗೊಮ್ಮೆ ಸೇರಿ ಒಂದು ಪುಸ್ತಕದ ಬಗ್ಗೆ ಮಾತಾಡುತ್ತೇವೆ. ಈ ವರ್ಷ ಧರ್ಮದ ಇತಿಹಾಸ ಹಿಡಿದು ಬರೆದ ಕಾದಂಬರಿಗಳನ್ನೇ ಆರಿಸಿಕೊಂಡೆವು. ಒಂದು ಗೇರುಸೊಪ್ಪೆ ರಾಣಿಯದ್ದು, ಒಂದು ಅಕ್ಕಮಹಾದೇವಿಯದ್ದು, ಇನ್ನೊಂದು ಇಂಗ್ಲಿಷಿನಿಂದ ಬಂದ ಮಗ್ದಲದ ಮರಿಯಳದ್ದು. ಮೂರರಲ್ಲೂ ಹೆಣ್ಣು ಒಂದೇ ಥರ. ಅರ್ಧ ಪುಸ್ತಕದಲ್ಲಿ ಅವಳ ಮೈ, ಉಳಿದರ್ಧದಲ್ಲಿ ಅವಳು ದೇವತೆ. ಪಿಯುಸಿ ಓದುವ ಮಗಳು ರಾಣಿಯ ಕಾದಂಬರಿ ಮುಗಿಸಿ, "ಆಯಿ, ರಾಣಿ ಪ್ರೀತಿಗೆ ಬಿದ್ದು ರಾಜ್ಯ ಕಳ್ಕೊಂಡಿದ್ದು ಹೌದಾ?" ಅಂತ ಕೇಳಿದಳು. ನನಗೆ ಏನು ಹೇಳಬೇಕೆಂದು ತಿಳಿಯಲಿಲ್ಲ. ಇಂಥ ಪುಸ್ತಕವನ್ನು ಲೈಬ್ರರಿಯಿಂದ ತೆಗೆಸಬೇಕು ಅಂತ ಅತ್ತಿಗೆ ಹೇಳುತ್ತಾರೆ. ಗುಂಪಿನ ಇನ್ನೊಬ್ಬರು, ಕಥೆ ಅಲ್ವಾ, ಸುಮ್ನೆ ಓದಿ ಬಿಡಿ ಅಂತಾರೆ. ಮಗಳಿಗೆ ಕಾಲೇಜಿನ ಗ್ಯಾದರಿಂಗಿಗೆ ಇದೇ ರಾಣಿಯ ಮೇಲೆ ನಾಟಕ ಬರೆಯುವ ಆಸೆ. ನಾನೇನು ಮಾಡಲಿ?

ಉತ್ತರ: ನಿಮ್ಮ ಕಾಗದದಲ್ಲಿ ಎರಡು ಚಿಂತೆಗಳಿವೆ. ಕಾದಂಬರಿ ಹೇಳಿದ್ದು ನಿಜವೋ ಸುಳ್ಳೋ ಎನ್ನುವುದು ಒಂದು. ಸುಳ್ಳಾದರೆ ಮಗಳ ತಲೆಯಲ್ಲಿ ಅದೇ ಕೂತುಬಿಡುತ್ತದಲ್ಲ ಎನ್ನುವುದು ಇನ್ನೊಂದು. ಮಗಳು ಕೇಳಿದ ಪ್ರಶ್ನೆ ಚೆನ್ನಾಗಿದೆ. ಅದರಿಂದಲೇ ಶುರು ಮಾಡುತ್ತೇನೆ.

ರಾಣಿ ಚೆನ್ನಭೈರಾದೇವಿ ಸುಮಾರು 1552ರಿಂದ 1606ರವರೆಗೆ, ಅಂದರೆ 54 ವರ್ಷ ಆಳಿದಳು ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಈ ಲೆಕ್ಕ ಹಿಡಿದರೆ, ಪಟ್ಟಕ್ಕೆ ಬಂದಾಗ ಅವಳಿಗೆ ಹದಿನಾರೇ ವರ್ಷ ಎಂದುಕೊಂಡರೂ ಗೇರುಸೊಪ್ಪೆ ಬೀಳುವ ಹೊತ್ತಿಗೆ ಎಪ್ಪತ್ತು ಆಗಿರುತ್ತದೆ. ನಿಮ್ಮ ಕಾದಂಬರಿಯ ಮುಖಪುಟದಲ್ಲಿರುವ ರಾಣಿಗೆ ಎಷ್ಟು ವಯಸ್ಸು? ನಾನು ನೋಡಿದ ಮುಖಪುಟಗಳಲ್ಲೆಲ್ಲ ಇಪ್ಪತ್ತೈದು ದಾಟಿಲ್ಲ. ಎಪ್ಪತ್ತರಲ್ಲಿ ಪ್ರೀತಿ ಹುಟ್ಟಬಾರದು ಅಂತೇನೂ ಇಲ್ಲ. ಆದರೆ ಕಾದಂಬರಿ ಬರೆದವರು ಆ ಎಪ್ಪತ್ತು ವರ್ಷದ ಹೆಂಗಸನ್ನು ನೋಡಲೇ ಇಲ್ಲ.

ಹಾಗಾದರೆ ಪ್ರೀತಿಯ ಕಥೆ ಎಲ್ಲಿಂದ ಬಂತು? ಅದು ಕಾದಂಬರಿಕಾರರು ಹುಟ್ಟಿಸಿದ್ದಲ್ಲ. ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ಇಟಲಿಯ ಪ್ರವಾಸಿ 1623ರಲ್ಲಿ ಹೊನ್ನಾವರದಿಂದ ಶರಾವತಿಯಲ್ಲಿ ದೋಣಿ ಏರಿ ಗೇರುಸೊಪ್ಪೆಗೆ ಬಂದು, ಅಲ್ಲಿಂದ ಘಟ್ಟ ಹತ್ತಿ ಇಕ್ಕೇರಿಗೆ ಹೋದ. ಹಾಳುಬಿದ್ದ ಗೇರುಸೊಪ್ಪೆಯನ್ನು ನೋಡಿ ಬರೆದ. ಇಲ್ಲಿನ ಕೊನೆಯ ರಾಣಿ ಯಾರೋ ಕೀಳು ಮನೆತನದ ಪರದೇಶಿಯೊಬ್ಬನನ್ನು ಮೆಚ್ಚಿ, ತನ್ನನ್ನೂ ರಾಜ್ಯವನ್ನೂ ಅವನ ಕೈಗೆ ಒಪ್ಪಿಸಿದಳಂತೆ, ಅವನು ತಿರುಗಿಬಿದ್ದನಂತೆ, ಕೊನೆಗೆ ರಾಜ್ಯ ಇಕ್ಕೇರಿಯಿಂದ ಆಳುತ್ತಿದ್ದ ಕೆಳದಿಯ ಅರಸ ವೆಂಕಟಪ್ಪ ನಾಯಕನ ಪಾಲಾಯಿತಂತೆ. ನಿಮ್ಮ ಕಾದಂಬರಿಯ ಬೀಜ ಇದು.

ಈಗ ನೋಡಿ, ಇದನ್ನು ಯಾರು ಬರೆದರು, ಯಾವಾಗ, ಎಲ್ಲಿಗೆ ಹೋಗುತ್ತಾ? ರಾಜ್ಯ ಬಿದ್ದು ಹದಿನೇಳು ವರ್ಷದ ಮೇಲೆ ಬಂದವನು ಅವನು. ರಾಣಿಯನ್ನು ಕಂಡವನಲ್ಲ. ಪೋರ್ಚುಗೀಸರ ರಾಯಭಾರಿಯ ಜೊತೆ ಹೊರಟಿದ್ದ. ಹೋಗುತ್ತಿದ್ದುದು ಗೆದ್ದ ವೆಂಕಟಪ್ಪ ನಾಯಕನ ಆಸ್ಥಾನಕ್ಕೆ. ದಾರಿಯಲ್ಲಿ ಯಾರೋ ಹೇಳಿದ್ದನ್ನು ಬರೆದುಕೊಂಡ. ಸೋತ ರಾಣಿಯ ಬಗ್ಗೆ ಗೆದ್ದವರ ಸೀಮೆಯಲ್ಲಿ ಎಂಥ ಮಾತು ಓಡಾಡುತ್ತದೆ ಅಂತ ನಿಮಗೆ ಹೇಳಬೇಕಿಲ್ಲ. ಹೀಗಾಗಿ ಪ್ರೀತಿಯ ಕಥೆಗೆ ಒಂದು ಹಳೆಯ ದಾಖಲೆ ಇದೆ ನಿಜ, ಆದರೆ ಆ ದಾಖಲೆ ಗಾಳಿಮಾತಿನದ್ದು.

ಅದೇ ದೆಲ್ಲಾ ವಾಲ್ಲೆ ಇನ್ನೂ ಒಂದು ಮಾತು ಬರೆದಿದ್ದಾನೆ. ಕಾದಂಬರಿಗಳು ಅದನ್ನು ಬಿಟ್ಟುಬಿಡುತ್ತವೆ. ಈ ಸೀಮೆಯಲ್ಲಿ ರಾಣಿಯರು ತಮಗೆ ಬೇಕಾದವನನ್ನು ಆರಿಸಿಕೊಳ್ಳುವುದಕ್ಕೆ ಅಡ್ಡಿಯಿಲ್ಲ, ಆ ಮಟ್ಟಿಗೆ ಅವಳ ಮಾನಕ್ಕೇನೂ ಕುಂದಿಲ್ಲ, ಜನ ಬೈದದ್ದು ಅವನ ಕುಲ ಕೀಳಾಯಿತೆಂದು ಎನ್ನುತ್ತಾನೆ. ಹೊರಗಿನವನಿಗೆ ಇದು ವಿಚಿತ್ರ ಕಂಡಿರಬೇಕು. ನಮಗೆ ಕಾರಣ ಗೊತ್ತಿದೆ. ಕರಾವಳಿಯ ಜೈನ ಅರಸುಮನೆಗಳಲ್ಲಿ ಅಳಿಯಸಂತಾನ ನಡೆಯುತ್ತಿತ್ತು. ಪಟ್ಟ ಇಳಿಯುವುದು ಹೆಣ್ಣಿನ ಕಡೆಯಿಂದ. ರಾಣಿಯ ಕೈ ಹಿಡಿದವನು ರಾಜನಾಗುವುದಿಲ್ಲ, ಅವನ ಮಗ ಎಂಬ ಕಾರಣಕ್ಕೆ ಯಾರಿಗೂ ರಾಜ್ಯ ಸಿಗುವುದಿಲ್ಲ. 16, 17ನೇ ಶತಮಾನದಲ್ಲಿ ಈ ತೀರಕ್ಕೆ ಬಂದವರು ಗೇರುಸೊಪ್ಪೆ, ಭಟ್ಕಳದ ಆಳುವವರನ್ನು ಮತ್ತೆ ಮತ್ತೆ ರಾಣಿ ಎಂದೇ ಬರೆದಿದ್ದಾರೆ. ಇಲ್ಲಿ ಹೆಣ್ಣು ಆಳುವುದು ಯಾವಾಗಲೋ ಒಮ್ಮೆ ನಡೆದ ಪವಾಡ ಆಗಿರಲಿಲ್ಲ. ಅಂಥ ಮನೆಯ ಕಥೆ ಬರೆಯುವಾಗ "ರಾಣಿ ಯಾರನ್ನು ಪ್ರೀತಿಸಿದಳು" ಎಂಬ ಪ್ರಶ್ನೆಯ ಮೇಲೆ ರಾಜ್ಯದ ಹಣೆಬರಹವನ್ನೇ ನಿಲ್ಲಿಸುವುದು, ನಮ್ಮ ಕಾಲದ ಗಂಡುಮನೆಯ ಲೆಕ್ಕವನ್ನು ಅವಳ ಮೇಲೆ ಹೇರಿದ ಹಾಗೆ.

ರಾಜ್ಯ ಬಿದ್ದದ್ದು ಯಾಕೆ ಎನ್ನುವುದಕ್ಕೆ ಬೇರೆ ಕಾರಣಗಳು ಕಣ್ಣೆದುರೇ ಇವೆ. 1565ರಲ್ಲಿ ವಿಜಯನಗರ ಸೋತಿತು. ಬೆನ್ನಿಗಿದ್ದ ದೊಡ್ಡ ಆಸರೆ ಹೋಯಿತು. 1569ರಲ್ಲಿ ಹೊನ್ನಾವರದ ಕೋಟೆ ಪೋರ್ಚುಗೀಸರ ಕೈ ಸೇರಿತು. ಘಟ್ಟದ ಮೆಣಸಿನಕಾಳು ಶರಾವತಿಯಲ್ಲೇ ಇಳಿದು ಕಡಲಿಗೆ ಹೋಗಬೇಕು, ಹೊಳೆಯ ಬಾಯಲ್ಲಿ ಅವರು ಕೂತರು. ಮೇಲೆ ಘಟ್ಟದಲ್ಲಿ ಕೆಳದಿಯವರು ಬಲಿಯುತ್ತಿದ್ದರು, ಅವರಿಗೆ ಬಂದರೂ ಮೆಣಸೂ ಎರಡೂ ಬೇಕಿತ್ತು. ಇಬ್ಬರ ನಡುವೆ ಇಷ್ಟು ವರ್ಷ ರಾಜ್ಯ ಉಳಿಸಿಕೊಂಡು, ಪೋರ್ಚುಗೀಸರ ಬಾಯಲ್ಲೇ "ಮೆಣಸಿನ ರಾಣಿ" ಎನ್ನಿಸಿಕೊಂಡವಳ ಕಥೆಯಲ್ಲಿ ಎಷ್ಟೊಂದು ಇದೆ! ಯಾವ ವರ್ಷ ಕಪ್ಪ ಕೊಟ್ಟು ಸುಮ್ಮನಿರಬೇಕು, ಯಾವ ವರ್ಷ ಕೊಡುವುದಿಲ್ಲ ಎನ್ನಬೇಕು, ಯಾರಿಗೆ ಎಷ್ಟು ಮೆಣಸು ಬಿಡಬೇಕು. ಅದರ ಜೊತೆಗೆ ಬಸದಿಗಳು, ಮುನಿಗಳು, ಗೋವೆಯ ಕಡೆಯಿಂದ ಓಡಿಬಂದ ಕುಟುಂಬಗಳು. ಗೋವೆಯಲ್ಲಿ ಪೋರ್ಚುಗೀಸರ ಧರ್ಮವಿಚಾರಣೆಯ ನ್ಯಾಯಮಂಡಳಿ (ಇನ್‌ಕ್ವಿಸಿಷನ್) ಶುರುವಾದದ್ದು 1560ರಲ್ಲಿ, ಅವಳ ಕಾಲದಲ್ಲೇ. ಹಾಡುವಳ್ಳಿಯ ಜೈನ ಮಠದಲ್ಲಿ ಕಲಿತ ಭಟ್ಟಾಕಳಂಕ ಕನ್ನಡಕ್ಕೆ ಸಂಸ್ಕೃತದಲ್ಲಿ ದೊಡ್ಡ ವ್ಯಾಕರಣ ಬರೆದು ಮುಗಿಸಿದ್ದು 1604ರಲ್ಲಿ, ಗೇರುಸೊಪ್ಪೆ ಬೀಳುವುದಕ್ಕೆ ಎರಡೇ ವರ್ಷ ಮೊದಲು. ಇದೆಲ್ಲ ಬಿಟ್ಟು ಒಬ್ಬ ಹೆಸರಿಲ್ಲದ ಪರದೇಶಿಯ ತೋಳಿಗೆ ಅವಳನ್ನು ಒರಗಿಸಿದರೆ ನನಗೆ ಸಿಟ್ಟು ಬರುತ್ತದೆ.

ಹಾಗಾಗಿ ಮಗಳಿಗೆ ಹೀಗೆ ಹೇಳಿ: ಪ್ರೀತಿಯ ಮಾತು ಒಬ್ಬ ಪ್ರವಾಸಿ ಕೇಳಿ ಬರೆದದ್ದು, ಅದನ್ನು ಹೌದೆನ್ನಲು ಬೇರೆ ಆಧಾರ ಇಲ್ಲ. ರಾಜ್ಯ ಹೋದದ್ದಕ್ಕೆ ಅದಕ್ಕಿಂತ ಗಟ್ಟಿ ಕಾರಣಗಳಿವೆ.

ನಿಮ್ಮ ಉಳಿದ ಎರಡು ಪುಸ್ತಕಗಳಿಗೂ ಇದೇ ರೋಗ. ಆದರೆ ರೋಗದ ಮೂಲ ಬೇರೆ ಬೇರೆ.

ಮಗ್ದಲದ ಮರಿಯಳ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಅವಳು ವೇಶ್ಯೆ ಎಂದು ಬೈಬಲಿನಲ್ಲಿ ಎಲ್ಲೂ ಇಲ್ಲ. ಲೂಕನ ಸುವಾರ್ತೆಯಲ್ಲಿ ಹೆಸರಿಲ್ಲದ ಪಾಪಿ ಹೆಂಗಸೊಬ್ಬಳು ಬರುತ್ತಾಳೆ. ಅದು ಮುಗಿದ ಮೇಲಿನ ಅಧ್ಯಾಯದಲ್ಲಿ ಮರಿಯಳ ಹೆಸರು ಬರುತ್ತದೆ. 591ರಲ್ಲಿ ಪೋಪ್ ಗ್ರೆಗರಿ ಒಂದು ಪ್ರವಚನದಲ್ಲಿ ಇಬ್ಬರನ್ನೂ ಒಬ್ಬಳೇ ಎಂದರು. ಅದು ಸಾವಿರದ ಮುನ್ನೂರು ವರ್ಷ ದಾಟಿ ನಿಂತಿತು. ಕ್ಯಾಥೊಲಿಕ್ ಸಭೆ 1969ರಲ್ಲಿ ತನ್ನ ಪಂಚಾಂಗ ತಿದ್ದುವಾಗ ಇಬ್ಬರನ್ನೂ ಬೇರೆ ಮಾಡಿತು. 2016ರಲ್ಲಿ ಅವಳ ಹಬ್ಬಕ್ಕೆ ಅಪೊಸ್ತಲರ ಹಬ್ಬದ ದರ್ಜೆ ಕೊಟ್ಟಿತು. ಇನ್ನು ಅವಳು ಯೇಸುವಿನ ಹೆಂಡತಿ ಎಂಬ ಕಾದಂಬರಿಗಳ ವಾದ. ಅವಳಿಗೆ ಮದುವೆಯಾಗಿತ್ತು ಎಂದು ಹೇಳುವ ಹಳೆಯ ಗ್ರಂಥ ಒಂದೂ ಇಲ್ಲ. 1945ರಲ್ಲಿ ಈಜಿಪ್ಟಿನಲ್ಲಿ ಸಿಕ್ಕ ಫಿಲಿಪ್ಪನ ಸುವಾರ್ತೆಯಲ್ಲಿ ಯೇಸು ಅವಳಿಗೆ ಮುತ್ತು ಕೊಡುತ್ತಿದ್ದ ಎಂಬ ಸಾಲಿದೆ. ಆದರೆ ಎಲ್ಲಿಗೆ ಎನ್ನುವ ಜಾಗದಲ್ಲಿ ಹಾಳೆ ಹರಿದಿದೆ. ಆ ತೂತಿನೊಳಗೆ ಕಾದಂಬರಿಕಾರರು ಇಡೀ ಸಂಸಾರ ಹೂಡಿದರು! ಅದೇ ಲೂಕ ಅವಳೂ ಇತರ ಹೆಂಗಸರೂ ತಮ್ಮ ಸ್ವಂತ ಹಣದಿಂದ ಯೇಸುವಿನ ಗುಂಪನ್ನು ನಡೆಸಿದರು ಎನ್ನುತ್ತಾನೆ. ಯೋಹಾನ, ಸಮಾಧಿಯಿಂದ ಎದ್ದ ಯೇಸುವನ್ನು ಮೊದಲು ಕಂಡವಳೇ ಅವಳು ಎನ್ನುತ್ತಾನೆ. ದುಡ್ಡು ಹಾಕಿದವಳು, ಸಾಕ್ಷಿ ಹೇಳಿದವಳು. ಈ ಎರಡು ಕೆಲಸಕ್ಕೆ ಕಾದಂಬರಿಯಲ್ಲಿ ಎಷ್ಟು ಪುಟ ಸಿಕ್ಕಿದೆ, ಎಣಿಸಿ ನೋಡಿ.

ಅಕ್ಕನ ಕಥೆ ಇದಕ್ಕಿಂತ ತೊಡಕಿನದು. ಅಲ್ಲಿ ನಮ್ಮವರೇ ಎರಡು ಥರ ಹೇಳಿದ್ದಾರೆ. ಹರಿಹರನ ರಗಳೆಯಲ್ಲಿ ಅವಳು ಷರತ್ತು ಹಾಕಿ ರಾಜ ಕೌಶಿಕನನ್ನು ಮದುವೆಯಾಗುತ್ತಾಳೆ, ಅವನು ಷರತ್ತು ಮುರಿದ ಮೇಲೆ ಹೊರಡುತ್ತಾಳೆ. ಸುಮಾರು ಎರಡು ಶತಮಾನ ಕಳೆದು ಬಂದ ಚಾಮರಸ, ಮದುವೆಯೇ ಆಗಲಿಲ್ಲ ಎನ್ನುತ್ತಾನೆ. ಇಬ್ಬರೂ ಭಕ್ತ ಕವಿಗಳು, ಇಬ್ಬರೂ ದೊಡ್ಡವರು. ಕಾಲ ಹೋದಂತೆ ಅವಳನ್ನು ಇನ್ನೂ "ಶುದ್ಧ" ಮಾಡಬೇಕು ಎನ್ನುವ ಒತ್ತಡ ಜಾಸ್ತಿಯಾಯಿತು ಅಂತ ನನಗೆ ಅನಿಸುತ್ತದೆ. ದೇವತೆ ಮಾಡುವ ಕೆಲಸ ಕಾದಂಬರಿಯವರಿಂದ ಶುರುವಾದದ್ದಲ್ಲ.

ಇಲ್ಲಿ ಇನ್ನೊಂದು ಸಂಗತಿ ಗಮನಿಸಿ. ಹಳೆಯ ಕಥೆಯಲ್ಲಿ ಕೌಶಿಕ ಜೈನ. ಗೇರುಸೊಪ್ಪೆ ಕಥೆಯಲ್ಲಿ ರಾಣಿ ಜೈನಳು, ಗೆದ್ದವರು ವೀರಶೈವರು. ಒಂದು ಕಥೆಯಲ್ಲಿ ಕಾಮುಕ ಗಂಡು ಆ ಧರ್ಮದವನು, ಇನ್ನೊಂದರಲ್ಲಿ ಕಾಮಕ್ಕೆ ಸೋತ ಹೆಣ್ಣು ಆ ಧರ್ಮದವಳು. ಎರಡು ಮತಗಳ ಜಗಳ ನಡೆಯುವಾಗ ಎದುರಿನವರ ಕಾಮದ ಕಥೆ ಹೇಳುವುದು ಎಲ್ಲ ಕಡೆ ಕಂಡುಬರುವ ಹತ್ಯಾರ. ಇವತ್ತಿನ ಕಾದಂಬರಿ ಅದನ್ನೇ ವಿಚಾರಿಸದೆ ಎತ್ತಿಕೊಂಡರೆ, ಆರೇಳುನೂರು ವರ್ಷದ ಹಗೆಯನ್ನೂ ಜೊತೆಗೆ ಎತ್ತಿಕೊಳ್ಳುತ್ತದೆ. ನಿಮ್ಮ ಗುಂಪಿನಲ್ಲಿ ಬೇರೆ ಬೇರೆ ಮನೆತನದವರು ಇರಬಹುದು, ಅದಕ್ಕೇ ಇದನ್ನು ಬಿಡಿಸಿ ಹೇಳಿದೆ.

ಅಕ್ಕನ ಕಾದಂಬರಿಗಳಲ್ಲಿ ಅರಮನೆ, ಕೇಶರಾಶಿ, ಬೆತ್ತಲೆ ಇವಕ್ಕೇ ಹೆಚ್ಚು ಪುಟ. ಕಲ್ಯಾಣದಲ್ಲಿ ಅಲ್ಲಮ ಅವಳನ್ನು ಎದುರು ನಿಲ್ಲಿಸಿ ಪ್ರಶ್ನೆ ಕೇಳುತ್ತಾನೆ, ಅವಳು ಒಂದೊಂದಕ್ಕೂ ಉತ್ತರ ಕೊಡುತ್ತಾಳೆ. ಆ ವಾದ ಶೂನ್ಯಸಂಪಾದನೆಯಲ್ಲಿದೆ. ಕಾದಂಬರಿಯಲ್ಲಿ ಅದು ಎರಡು ಪುಟ ದಾಟುವುದು ಕಷ್ಟ. ಅವಳ ಜೊತೆಯ ಹೆಂಗಸರಂತೂ ಹೆಚ್ಚಾಗಿ ಕಾಣುವುದೇ ಇಲ್ಲ. ಮೂವತ್ತಕ್ಕೂ ಹೆಚ್ಚು ವಚನಕಾರ್ತಿಯರಿದ್ದರು. ಆಯ್ದಕ್ಕಿ ಲಕ್ಕಮ್ಮನನ್ನೇ ತೆಗೆದುಕೊಳ್ಳಿ. ಗಂಡ ಮಾರಯ್ಯ ಅಂಗಳದಲ್ಲಿ ಬಿದ್ದ ಅಕ್ಕಿ ಆಯ್ದು ತರುವವನು. ಒಂದು ದಿನ ಎಂದಿಗಿಂತ ಜಾಸ್ತಿ ತಂದ. ಅವಳು "ಈಸಕ್ಕಿಯಾಸೆ ನಿಮಗೇಕೆ? ಈಶ್ವರನೊಪ್ಪ" ಎಂದು ಹೇಳಿ ಆ ಅಕ್ಕಿಯನ್ನು ವಾಪಸ್ ಕಳಿಸಿದಳು. ದುಡಿಮೆ, ಆಸೆ, ದಾಸೋಹ ಎಲ್ಲದರ ಚರ್ಚೆ ಒಂದು ಮೊರದ ಅಕ್ಕಿಯ ಮೇಲೆ ನಡೆದುಹೋಗುತ್ತದೆ. ಇದರಲ್ಲಿ ಕಥೆ ಇಲ್ಲ ಎನ್ನುವ ಲೇಖಕರಿಗೆ ಏನು ಹೇಳಬೇಕೋ.

"ಆ ಕಾಲದ ಹೆಂಗಸರ ಬಗ್ಗೆ ದಾಖಲೆ ಎಲ್ಲಿದೆ, ಕಲ್ಪಿಸಿಕೊಳ್ಳದೆ ವಿಧಿಯಿಲ್ಲ" ಎನ್ನುವವರೂ ಇದ್ದಾರೆ. ಇದು ಅರ್ಧ ನಿಜ. ಮನಸ್ಸಿನ ಮಾತು, ಮನೆಯೊಳಗಿನ ಮಾತು ಶಾಸನದಲ್ಲಿ ಸಿಗುವುದಿಲ್ಲ. ಆದರೆ ಮಾಡಿದ ಕೆಲಸ ಸಿಗುತ್ತದೆ. ಲಕ್ಕುಂಡಿಯಲ್ಲಿ ಅತ್ತಿಮಬ್ಬೆ 1007ರಲ್ಲಿ ಬಸದಿ ಕಟ್ಟಿಸಿದಳು, ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಬರೆಸಿ ಹಂಚಿದಳು. ಶಾಂತಲೆ 1123ರಲ್ಲಿ ಶ್ರವಣಬೆಳಗೊಳದಲ್ಲಿ ಸವತಿಗಂಧವಾರಣ ಬಸದಿ ಕಟ್ಟಿಸಿದಳು. ಅವಳು 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳು ಎಂದು ಶಾಸನ ಹೇಳುತ್ತದೆ. ಬೆಟ್ಟದಿಂದ ಹಾರಿದಳು, ಮಕ್ಕಳಿಲ್ಲದ ದುಃಖಕ್ಕೆ ಹಾರಿದಳು ಎಂಬುದು ಶಾಸನದಲ್ಲಿಲ್ಲ. ಅದು ಆಮೇಲೆ ಬೆಳೆದ ಕಥೆ. ಬಸದಿ ಕಟ್ಟಿಸಿದ್ದು ಕಥೆಯ ಮೂಲೆಗೆ ಸರಿಯಿತು, ಹಾರಿದ್ದು ನಡುಮನೆಗೆ ಬಂತು.

ಯಾಕೆ ಹೀಗಾಗುತ್ತದೆ? ಮಾರಾಟದ ಒತ್ತಡ ಇದೆ. ಮೊದಲಿನ ಧಾರಾವಾಹಿ ಕಾದಂಬರಿಯಿಂದ ಇವತ್ತಿನ ಟೀವಿ ಸೀರಿಯಲ್‌ವರೆಗೆ ಪ್ರತಿ ಕಂತಿಗೂ ಒಂದು ಪ್ರೇಮವೋ ಕಣ್ಣೀರೋ ಬೇಕು. ಮೆಣಸಿನ ದರದ ಚೌಕಾಸಿಯಲ್ಲಿ ಕಂತು ಮುಗಿಸಲು ಧೈರ್ಯ ಬೇಕಾಗುತ್ತದೆ. ಇನ್ನೊಂದು ಕಾರಣ ನಮ್ಮ ಅಭಿಮಾನ. ಊರಿನ ರಾಣಿ, ಸಮಾಜದ ಶರಣೆ ಎಂದ ಕೂಡಲೇ ಅವಳಲ್ಲಿ ಹಟ, ತಪ್ಪು ಲೆಕ್ಕ, ಸಿಡುಕು ಏನೂ ಇರಬಾರದು ಎನ್ನುತ್ತೇವೆ. ಲೇಖಕರು ಹೆದರಿ ಅವಳನ್ನು ಪೂಜೆಗೆ ಕೂರಿಸುತ್ತಾರೆ. ಆಮೇಲೆ ಓದಿಸಿಕೊಂಡು ಹೋಗಲು ಉಳಿಯುವುದು ಅವಳ ರೂಪ ಒಂದೇ. ಅರ್ಧ ಮೈ, ಅರ್ಧ ದೇವತೆ ಎಂದಿರಲ್ಲ, ಆ ಎರಡು ಅರ್ಧ ಹೀಗೆ ಒಂದಕ್ಕೊಂದು ಅಂಟಿಕೊಂಡಿವೆ.

ಈಗ ಏನು ಮಾಡುವುದು?

ಅತ್ತಿಗೆಯವರ ದಾರಿ ಬೇಡ ಅಂತ ನನ್ನ ಅಭಿಪ್ರಾಯ. ಅವರ ನೋವು ಸುಳ್ಳಲ್ಲ. ಧಾರ್ಮಿಕ ಭಾವನೆಗೆ ಬೇಕೆಂದೇ ಧಕ್ಕೆ ತಂದರೆ ದೂರು ಕೊಡಲು ಕಾನೂನಿದೆ, ಈಗ ಭಾರತೀಯ ನ್ಯಾಯ ಸಂಹಿತೆಯ 299ನೇ ಕಲಮು. ಆದರೆ ಕೆಟ್ಟ ಉದ್ದೇಶ ಇತ್ತೆಂದು ತೋರಿಸಬೇಕು, ಕೆಟ್ಟ ಕಾದಂಬರಿ ಎಂದರೆ ಸಾಲದು. ದೂರು, ಪ್ರತಿಭಟನೆ ಶುರುವಾದ ಕೂಡಲೇ ಮಾತು ರಾಣಿಯನ್ನು ಬಿಟ್ಟು ಜಾತಿ, ಪಕ್ಷಕ್ಕೆ ಹೋಗುತ್ತದೆ. ಪುಸ್ತಕ ಹೆಚ್ಚು ಮಾರಾಟವಾಗುತ್ತದೆ. ನಾಳೆ ರಾಣಿಯ ಬಗ್ಗೆ ಒಳ್ಳೆಯ ಕಾದಂಬರಿ ಬರೆಯಬೇಕೆಂದವರೂ ಕೈ ಹಿಂದೆಗೆಯುತ್ತಾರೆ. ನನಗೆ ಹೆಚ್ಚು ಭಯ ಇರುವುದು ಈ ಕೊನೆಯದರ ಬಗ್ಗೆ.

"ಕಥೆ ಅಲ್ವಾ" ಎಂದು ಬಿಡುವುದರಲ್ಲೂ ಅಪಾಯ ಇದೆ. ಕ್ಲಾಸಿನಲ್ಲಿ ನೋಡುತ್ತಲೇ ಇದ್ದೇನೆ, ಪಠ್ಯದಲ್ಲಿ ಓದಿದ್ದನ್ನು ಮಕ್ಕಳು ಪರೀಕ್ಷೆಯ ಮರುದಿನ ಮರೆಯುತ್ತಾರೆ, ಕಾದಂಬರಿಯಲ್ಲಿ ಓದಿದ್ದು ಉಳಿಯುತ್ತದೆ. ನಿಮ್ಮ ಮಗಳೇ ಅದಕ್ಕೆ ಸಾಕ್ಷಿ.

ನಮ್ಮ ಜಿಲ್ಲೆಯವರಿಗೆ ಒಂದು ಅನುಕೂಲ ಇದೆ, ನಾವು ತಾಳಮದ್ದಲೆ ಕೇಳಿ ಬೆಳೆದವರು. ಭಾಗವತರು ಪದ್ಯ ಹೇಳುತ್ತಾರೆ, ಅರ್ಥಧಾರಿ ಅದನ್ನು ಹಿಡಿದು ಅರ್ಧ ಗಂಟೆ ಮಾತಾಡುತ್ತಾರೆ. ದ್ರೌಪದಿಯ ಬಾಯಲ್ಲಿ ಇವತ್ತು ಒಂದು ವಾದ, ಮುಂದಿನ ವಾರ ಬೇರೆಯವರ ಅರ್ಥದಲ್ಲಿ ಇನ್ನೊಂದು. ಕೇಳುವವರು ತಲೆದೂಗುತ್ತಾರೆ. ಹಾಗೆಂದು ವ್ಯಾಸರೇ ಹೀಗೆ ಬರೆದಿದ್ದಾರೆ ಅಂತ ಯಾರೂ ಮನೆಗೆ ಹೋಗಿ ಹೇಳುವುದಿಲ್ಲ. ಅರ್ಥ ಪದ್ಯವನ್ನು ಬಿಟ್ಟು ಎಲ್ಲೋ ಹೋದರೆ ಹಿಂದಿನ ಸಾಲಿನ ಅಜ್ಜಂದಿರು ಗೊಣಗುತ್ತಾರೆ. ಕಾದಂಬರಿಯನ್ನೂ ಹಾಗೇ ಓದಿ. ಪದ್ಯ ಎಷ್ಟು, ಅರ್ಥ ಎಷ್ಟು? ನಿಮ್ಮ ಗುಂಪು ಮುಂದಿನ ಸಲ ಸೇರುವಾಗ ಯಾರಾದರೂ ಒಬ್ಬರು "ಪದ್ಯ" ತರಲಿ. ಅಕ್ಕನ ಕಾದಂಬರಿಯ ಜೊತೆ ಅವಳ ಇಪ್ಪತ್ತು ವಚನ, ಮರಿಯಳ ಕಾದಂಬರಿಯ ಜೊತೆ ಲೂಕನ ಎಂಟನೇ ಅಧ್ಯಾಯ, ಯೋಹಾನನ ಇಪ್ಪತ್ತನೆಯದು. ಗೇರುಸೊಪ್ಪೆಗೆ ಸ್ವಲ್ಪ ಓಡಾಡಬೇಕು. ನಮ್ಮ ಜಿಲ್ಲೆ 1956ರವರೆಗೆ ಮುಂಬಯಿ ಕಡೆ ಇದ್ದದ್ದರಿಂದ ಇಲ್ಲಿನ ಶಾಸನಗಳನ್ನು ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಯ ಸಂಪುಟಗಳಲ್ಲಿ ಹುಡುಕಬೇಕು. ಪಕ್ಕದ ಸಾಗರ ತಾಲೂಕಿನವು ಎಪಿಗ್ರಾಫಿಯಾ ಕರ್ನಾಟಿಕಾದ ಹಳೆಯ 8ನೇ ಸಂಪುಟದಲ್ಲಿವೆ. ಇಂಗ್ಲಿಷ್ ಓದುವವರು 1883ರ ಮುಂಬಯಿ ಗೆಜೆಟಿಯರಿನ ಕೆನರಾ ಸಂಪುಟ ನೋಡಲಿ, ಅಲ್ಲಿ ಬರೆದದ್ದೆಲ್ಲ ನಿಜ ಎಂದು ಮಾತ್ರ ನಂಬಬೇಡಿ. ಸ್ಥಳೀಯ ಮಾತನ್ನೂ ದಾಖಲೆಯನ್ನೂ ಅದು ಒಟ್ಟಿಗೇ ಕೊಡುತ್ತದೆ.

ಈ ದಾರಿಗೂ ಒಂದು ತೊಂದರೆ ಇದೆ. ಪ್ರತಿ ಸಾಲಿಗೂ ದಾಖಲೆ ಕೇಳುತ್ತಾ ಕೂತರೆ ಕಾದಂಬರಿ ಓದುವ ಖುಷಿಯೇ ಹೋಗುತ್ತದೆ. ಲೇಖಕರಿಗೆ ಕಲ್ಪಿಸುವ ಹಕ್ಕಿದೆ. ರಾಣಿಗೆ ಪ್ರೀತಿ ಬೇಡವೇ ಬೇಡ ಎಂದು ನಾನು ಹೇಳುತ್ತಿಲ್ಲ. ಪ್ರೀತಿಸಲಿ, ಆದರೆ ಪ್ರೀತಿಸುವ ಹೊತ್ತಿನಲ್ಲೂ ಆಳುತ್ತಿರಲಿ.

ಇನ್ನು ಮಗಳ ನಾಟಕ. ಖಂಡಿತ ಬರೆಯಲಿ, ನಿಮ್ಮ ಕಾಗದದಲ್ಲಿ ನನಗೆ ಜಾಸ್ತಿ ಖುಷಿ ಕೊಟ್ಟ ಮಾತು ಅದು. ಗ್ಯಾದರಿಂಗಿಗೆ ಅರ್ಧ ಗಂಟೆ ಸಿಕ್ಕರೆ ಹೆಚ್ಚು, ಹಾಗಾಗಿ ಇಡೀ ಜೀವನ ತುಂಬಿಸಲು ಹೋಗಬೇಡ ಅನ್ನಿ. ಒಂದೇ ದಿನ ಸಾಕು. ರಾಣಿಗೆ ಅರವತ್ತರ ಮೇಲೆ ವಯಸ್ಸು. ಪೋರ್ಚುಗೀಸರ ಕಡೆಯವನು ಮೆಣಸಿನ ದರ ಇಳಿಸು ಎಂದು ಬಂದಿದ್ದಾನೆ, ಘಟ್ಟದ ಮೇಲಿಂದ ಕೆಳದಿಯ ಸುದ್ದಿ ಬಂದಿದೆ, ಹೊರಗೆ ಗೋವೆಯಿಂದ ಬಂದ ಒಂದು ಕುಟುಂಬ ಇರಲು ಜಾಗ ಕೇಳುತ್ತಾ ನಿಂತಿದೆ. ಮಾತುಗಳೆಲ್ಲ ಅವಳ ಕಲ್ಪನೆಯೇ ಇರಲಿ, ಕಲ್ಪನೆ ಎಂದು ಶುರುವಿನಲ್ಲೇ ನಿರೂಪಕರು ಹೇಳಿಬಿಡಲಿ. ಗೆದ್ದವರನ್ನಾಗಲಿ ಸೋತವರನ್ನಾಗಲಿ ಜಾತಿ ಹಿಡಿದು ಹಂಗಿಸುವ ಮಾತು ಮಾತ್ರ ಬೇಡ.

ಬರೆಯುವ ಮೊದಲು ಅವಳನ್ನು ಗೇರುಸೊಪ್ಪೆಯ ಚತುರ್ಮುಖ ಬಸದಿಗೆ ಕರೆದುಕೊಂಡು ಹೋಗಿ. ನಾಲ್ಕೂ ದಿಕ್ಕಿಗೆ ಬಾಗಿಲಿರುವ ಕಲ್ಲಿನ ಬಸದಿ. ಕಾಡಿನ ನಡುವೆ ಇದೆ, ದೋಣಿ ಸಿಗುತ್ತದೋ ಅಂತ ಊರಲ್ಲಿ ಮೊದಲೇ ವಿಚಾರಿಸಿ. ಮಳೆ ಮುಗಿದ ಮೇಲೆ, ನವೆಂಬರಿನೊಳಗೆ ಹೋದರೆ ಒಳ್ಳೆಯದು. ಆಮೇಲೆ ಬೇಸಿಗೆಯವರೆಗೆ ನಮ್ಮ ಕಡೆಯ ಕಾಡಿನಲ್ಲಿ ಉಣುಗಿನ ಕಾಟ, ಮಂಗನಕಾಯಿಲೆಯ ಭಯ. ಕೈಕಾಲು ಮುಚ್ಚುವ ಬಟ್ಟೆ ಹಾಕಿಕೊಳ್ಳಿ. ನಾಟಕ ಬರೆದಾದ ಮೇಲೆ ಒಂದು ಪ್ರತಿ ನನಗೆ ಕಳಿಸಲಿ, ಓದಿ ಬರೆಯುತ್ತೇನೆ.